ಪುಟ್ಟಕ್ಕ ಒಲ್ಲೆ ಎಂದ ದಿನ

ಹರಿಹರದಲ್ಲಿ ಹೊಳೆಯ ಕಡೆಗೆ ಇಳಿಯುವ ಓಣಿಯ ಮಕ್ಕಳಿಗೆಲ್ಲ ಬರೆ ಹಾಕುತ್ತಿದ್ದವಳು ಪುಟ್ಟಕ್ಕ. ಕಮ್ಮಾರರ ಮನೆಯ ವಿಧವೆ, ಅರವತ್ತು ದಾಟಿದ ಹೆಂಗಸು. ಮಗು ಕಚ್ಚಿದರೆ, ತಟ್ಟೆ ಎಸೆದರೆ, ನೆಲಕ್ಕೆ ಬಿದ್ದು ಉಸಿರು ಕಟ್ಟುವಂತೆ ಅತ್ತರೆ ತಾಯಂದಿರು ಎತ್ತಿಕೊಂಡು ಅವಳ ಮನೆಗೆ ಬರುತ್ತಿದ್ದರು. ಅವಳು ಒಡೆದ ಗಾಜಿನ ಬಳೆಯ ಚೂರನ್ನು ದೀಪದ ಕುಡಿಯಲ್ಲಿ ಕಾಸಿ, ಹಿಮ್ಮಡಿಯ ಮೇಲೆ ಒಂದೇ ಒಂದು ಗೀರು ಎಳೆಯುತ್ತಿದ್ದಳು. ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತಿತ್ತು. ಸಾಬರ ಮನೆಯ ಮಗು, ಲಿಂಗಾಯತರ ಮನೆಯ ಮಗು ಎಂಬ ಭೇದವಿರಲಿಲ್ಲ. ಅವಳ ಅತ್ತೆ ಕಲಿಸಿಹೋದ ಕೆಲಸ ಅದು. ಮೂವತ್ತು ವರ್ಷದಲ್ಲಿ ತನ್ನ ಕೈಯ ಬರೆ ಒಂದೂ ಕೀವಾಗಿಲ್ಲ ಎಂದು ಅವಳಿಗೆ ಹೆಮ್ಮೆಯಿತ್ತು.

ಎಂಬತ್ನಾಲ್ಕನೆಯ ಇಸವಿಯಲ್ಲಿ ಓಣಿಯ ತುದಿಯ ಆರೋಗ್ಯ ಕೇಂದ್ರಕ್ಕೆ ಉಮಾಮಹೇಶ್ವರಿ ಎಂಬ ನರ್ಸ್ ಬಂದಳು. ದಾವಣಗೆರೆಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವವಳು. ಮಕ್ಕಳ ತೂಕ ನೋಡುವ ದಿನ ಹನ್ನೊಂದು ಮಕ್ಕಳ ಹಿಮ್ಮಡಿಯ ಮೇಲೆ ಒಂದೇ ಥರದ ಗುರುತು ಕಂಡು ಬೆಚ್ಚಿದಳು. ತಾಯಂದಿರು ಯಾರೂ ಬಾಯಿ ಬಿಡಲಿಲ್ಲ. ಒಂದು ಹುಡುಗಿ ಮಾತ್ರ "ಪುಟ್ಟಜ್ಜಿ" ಎಂದಿತು.

ಕೇಂದ್ರದ ಡಾಕ್ಟರು ಪೊಲೀಸರಿಗೆ ಹೇಳೋಣವೆಂದರು. ಉಮಾ ಬೇಡವೆಂದಳು. ಅವಳು ಆಗಷ್ಟೇ ಬೆಂಗಳೂರಿನಲ್ಲಿ ಹದಿನೈದು ದಿನದ ತರಬೇತಿ ಮುಗಿಸಿ ಬಂದಿದ್ದಳು. ಹಟಮಾರಿ ಮಕ್ಕಳ ತಾಯಂದಿರನ್ನು ಒಟ್ಟಿಗೆ ಕೂರಿಸಿ, ಹೊಡೆಯದೆ ಬಡಿಯದೆ ಮಕ್ಕಳನ್ನು ಸಂಭಾಳಿಸುವುದನ್ನು ಹೇಳಿಕೊಡುವ ತರಬೇತಿ. ಅದನ್ನು ಇಲ್ಲಿ ನಡೆಸಬೇಕೆಂದು ಅವಳಿಗೆ ಆಸೆಯಿತ್ತು. ಅವಳು ನೇರ ಪುಟ್ಟಕ್ಕನ ಮನೆಗೆ ಹೋದಳು.

"ಜೈಲಿಗೆ ಹಾಕ್ಸೋಕೆ ಬಂದೀಯೇನವ್ವಾ?" ಎಂದಳು ಪುಟ್ಟಕ್ಕ, ಚಾಪೆಯ ಮೇಲಿಂದ ಏಳದೆ.

"ಇಲ್ರಿ ಅಜ್ಜಿ. ಈ ಓಣ್ಯಾಗೆ ನಿಮ್ಮ ಮಾತು ನಡೀತೈತೆ, ನನ್ನ ಮಾತು ನಡಿಯಲ್ಲ. ಬುಧವಾರ ಮಧ್ಯಾಹ್ನ ತಾಯಂದಿರ ಮೀಟಿಂಗ್ ಮಾಡ್ತೀನಿ. ನೀವು ಬಂದು ನನ್ನ ಪಕ್ಕ ಕೂಡ್ರಿ. ನಾನು ಹೇಳೋದು ಸುಳ್ಳು ಅನಿಸಿದ್ರೆ ಎಲ್ಲರ ಮುಂದೇ ಬೈರಿ."

ಬೈಯುವ ಆಸೆಗೇ ಪುಟ್ಟಕ್ಕ ಮೊದಲ ಬುಧವಾರ ಹೋದಳು. ಅವಳು ಬಂದಳೆಂದು ಹದಿನಾಲ್ಕು ಮಂದಿ ಹೆಂಗಸರು ಬಂದರು.

ಉಮಾ ಹೇಳಿದ್ದು ದೊಡ್ಡ ಸಂಗತಿಗಳೇನಲ್ಲ. ದಿನಕ್ಕೆ ಹತ್ತು ನಿಮಿಷ ಮಗುವಿನ ಜೊತೆ ಕೂತು ಅದು ಆಡಿದ ಆಟವನ್ನೇ ಆಡಿರಿ. ತಪ್ಪು ಮಾಡಿದಾಗ ಕೂಗುತ್ತೀರಲ್ಲ, ಸುಮ್ಮನೆ ಆಡಿಕೊಂಡಿದ್ದಾಗ ಒಂದು ಒಳ್ಳೆ ಮಾತು ಆಡಿರಿ. ಇವತ್ತು ಬೇಡ ಎಂದದ್ದು ನಾಳೆಯೂ ಬೇಡವೇ ಆಗಿರಲಿ. ಬೈಯಲು ಬಂದ ಪುಟ್ಟಕ್ಕ ಕಿವಿಗೊಟ್ಟು ಕೇಳಿದಳು. ಎರಡನೆಯ ವಾರ ತನ್ನ ಮೊಮ್ಮಗಳ ಮೇಲೆ ಪ್ರಯೋಗ ಮಾಡಿ ಬಂದಳು. "ಹೌದು, ನಡೀತೈತೆ!" ಎಂದು ಓಣಿಯ ತುಂಬ ಸಾರಿದಳು.

ಆ ಗುಂಪಿನಲ್ಲಿ ನೂರ್ಜಹಾನ್ ಇದ್ದಳು. ಇಪ್ಪತ್ತೆರಡು ವರ್ಷ, ಬಗಲಲ್ಲಿ ಐದು ತಿಂಗಳ ಗಂಡು ಕೂಸು, ಸೆರಗು ಹಿಡಿದು ಎಳೆಯುವ ನಾಲ್ಕು ವರ್ಷದ ಶಹಜಾದಿ. ಗಂಡ ರೌಫ್ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿ ಬೆಳಗಿನ ರೈಲಿಗೆ ಬಂದು ಮಲಗುವವನು. ಇದ್ದದ್ದು ಒಂದೇ ಕೋಣೆ. ತಮ್ಮ ಹುಟ್ಟಿದಂದಿನಿಂದ ಶಹಜಾದಿ ಕಂಡದ್ದಕ್ಕೆಲ್ಲ ಕಿರುಚುತ್ತಿದ್ದಳು, ಕೂಸನ್ನು ಕಚ್ಚುತ್ತಿದ್ದಳು. ನಿದ್ದೆಗೆಟ್ಟ ರೌಫ್ ಎದ್ದು ಹೆಂಡತಿಗೆ ಬಾರಿಸುತ್ತಿದ್ದ. ನೂರ್ಜಹಾನಳ ಮುಖದಲ್ಲಿ ಆ ನಿದ್ದೆ ಇಲ್ಲದ ಮನೆಯೆಲ್ಲ ಕಾಣುತ್ತಿತ್ತು.

ಮೂರನೆಯ ಬುಧವಾರದ ಪಾಠ: ಸಣ್ಣ ಹಟಕ್ಕೆ ಮುಖ ಕೊಡಬೇಡಿ, ನಿಮ್ಮ ಪಾಡಿಗೆ ಕೆಲಸ ಮಾಡುತ್ತಿರಿ, ಸುಮ್ಮನಾದ ಕೂಡಲೇ ಹತ್ತಿರ ಕರೆಯಿರಿ. ಮಾಡಿ ತೋರಿಸಬೇಕಾಗಿತ್ತು. ಪುಟ್ಟಕ್ಕ ಮಗುವಾದಳು. ಪಕ್ಕದ ಮನೆಯ ಕಸ್ತೂರಮ್ಮ ತಾಯಿಯಾದಳು. "ಮಂಡಕ್ಕಿ ಬೇಕೂ!" ಎಂದು ಆ ಮುದುಕಿ ಕೇಂದ್ರದ ನೆಲದ ಮೇಲೆ ಹೊರಳಿ ಕಾಲು ಬಡಿದಳು. ಕಸ್ತೂರಮ್ಮ ನಗು ತಡೆದುಕೊಂಡು ಇಲ್ಲದ ಅಕ್ಕಿಯನ್ನು ಆರಿಸುತ್ತ ಕೂತಳು. ನೂರ್ಜಹಾನ್ ಬಾಯಿಗೆ ಸೆರಗಿಟ್ಟು ನಕ್ಕಳು. ಅವಳು ನಕ್ಕದ್ದನ್ನು ಓಣಿಯ ಹೆಂಗಸರು ಅವತ್ತೇ ಮೊದಲು ನೋಡಿದ್ದು.

ಆ ಉತ್ಸಾಹದಲ್ಲಿ ಉಮಾ ತರಬೇತಿಯಲ್ಲಿ ಇಲ್ಲದ ಒಂದು ಕೆಲಸ ಮಾಡಿಸಿದಳು. ಒಬ್ಬೊಬ್ಬರಿಂದಲೂ ಮಗುವಿನ ತಲೆಯ ಮೇಲೆ ಕೈಯಿಡಿಸಿ, "ನನ್ನ ಮಗೂಗೆ ಬರೆ ಹಾಕಲ್ಲ, ಹಾಕಿಸಲ್ಲ" ಎಂದು ಆಣೆ ಮಾಡಿಸಿದಳು. ಕೊನೆಗೆ ಪುಟ್ಟಕ್ಕನೂ ಮೊಮ್ಮಗಳ ತಲೆ ಮುಟ್ಟಿ ಹೇಳಿದಳು. ಹೆಂಗಸರು ಚಪ್ಪಾಳೆ ತಟ್ಟಿದರು.

ನಾಲ್ಕನೆಯ ಬುಧವಾರ ನೂರ್ಜಹಾನ್ ಬರಲಿಲ್ಲ. ರೌಫ್‌ಗೆ ಜ್ವರ, ಮನೆ ಬಿಡುವಂತಿರಲಿಲ್ಲ. ಅವತ್ತು ಉಮಾ ಎಲ್ಲಕ್ಕಿಂತ ಮುಖ್ಯವಾದ ಮಾತು ಹೇಳಿದ್ದಳು. "ನೀವು ಮುಖ ಕೊಡೋದು ಬಿಟ್ಟ ಮೇಲೆ ಮೊದಲ ಎಂಟು ದಿನ ಹಟ ಕಮ್ಮಿ ಆಗಲ್ಲ, ಡಬಲ್ ಆಗ್ತೈತೆ. ಆವಾಗ ಹೆದರಬ್ಯಾಡ್ರಿ. ಜೋರಾಗಿ ಆಮೇಲೆ ಇಳೀತೈತೆ." ಪುಟ್ಟಕ್ಕ ತಲೆದೂಗಿ ಕೇಳಿದಳು.

ಶನಿವಾರ ಮಧ್ಯಾಹ್ನ ನೂರ್ಜಹಾನ್ ಶಹಜಾದಿಯನ್ನು ದರದರನೆ ಎಳೆದುಕೊಂಡು ಪುಟ್ಟಕ್ಕನ ಮನೆ ಬಾಗಿಲಿಗೆ ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ. ಹುಡುಗಿಯ ಗಂಟಲು ಒಡೆದುಹೋಗಿತ್ತು, ಆದರೂ ಕಿರುಚಾಟ ನಿಂತಿರಲಿಲ್ಲ.

"ಅಜ್ಜಿ, ಒಂದು ಬರೆ ಹಾಕಿಬಿಡ್ರಿ. ನೀವು ಹೇಳಿದಂಗೆ ಮೂರು ದಿನ ಸುಮ್ನಿದ್ದೆ. ಇನ್ನೂ ಜಾಸ್ತಿ ಆಗ್ಯಾಳೆ. ಕೂಸಿನ ಕೆನ್ನೆ ಕಚ್ಚಿ ರಕ್ತ ಬರ್ಸ್ಯಾಳೆ. ಅವರು ಜ್ವರದಾಗೆ ಎದ್ದು..." ಅವಳ ಕಿವಿಯ ಹತ್ತಿರ ಬಾವು ಬಂದಿತ್ತು.

ಪುಟ್ಟಕ್ಕ ಆಗ ಮೈಗೆ ನೀರು ಹಾಕಿಕೊಂಡು, ಹೊಸ ಸೀರೆಯುಟ್ಟು ಕುಕ್ಕುವಾಡದ ಮದುವೆಗೆ ಹೊರಟಿದ್ದಳು. ಬಸ್ಸಿಗೆ ಹೊತ್ತಾಗಿತ್ತು. ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಂಗಸರು ನಿಂತು ನೋಡುತ್ತಿದ್ದರು.

"ಏನಂತ ಕೇಳ್ತೀಯೇ ನೂರಿ? ಮೊನ್ನೆ ಈ ಕೂಸಿನ ತಲೆ ಮುಟ್ಟಿ ಆಣೆ ಮಾಡಿದ್ಯಲ್ಲ, ಮರ್ತೆಯಾ? ನಾನು ಆ ಕೆಲಸ ಬಿಟ್ಟೀನಿ. ಬಿಟ್ಟೆ ಅಂದ್ರೆ ಬಿಟ್ಟೆ. ಬುಧವಾರ ಬಾ, ಅಲ್ಲಿ ಹೇಳ್ತೀವಿ."

"ಬುಧವಾರದ ತನಕ ಹೆಂಗೆ ಅಜ್ಜಿ?"

"ಹೆಂಗೆ ಅಂದ್ರೆ? ತಾಯಿ ಆದ ಮೇಲೆ ತಡಕೋಬೇಕು."

ಎಲ್ಲರಿಗೂ ಕೇಳುವಂತೆ ಹೇಳಿದಳು. ಹೇಳುವಾಗ ಅವಳಿಗೆ ಹಿತವೆನಿಸಿತು. ಎಂಟು ದಿನ ಜೋರಾಗುತ್ತದೆ, ಹೆದರಬೇಡ ಎಂಬ ಒಂದು ಮಾತು ಅವಳ ನಾಲಗೆಯ ತುದಿಯಲ್ಲೇ ಇತ್ತು. ಬಾಯಿಗೆ ಬರಲಿಲ್ಲ. ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಭಾನುವಾರ ನೂರ್ಜಹಾನ್ ರೊಟ್ಟಿ ಸುಡುವಾಗ ಒಲೆಯಲ್ಲಿದ್ದ ಇಕ್ಕಳವನ್ನೇ ಮಗಳ ಮೀನಖಂಡಕ್ಕೆ ಇಟ್ಟಳು. ಎಷ್ಟು ಹೊತ್ತು ಇಟ್ಟಳೋ ಅವಳಿಗೇ ತಿಳಿಯಲಿಲ್ಲ. ಶಹಜಾದಿ ಸುಮ್ಮನಾದಳು. ಗಾಯ ಅಂಗೈ ಅಗಲವಿತ್ತು. ನೂರ್ಜಹಾನ್ ಅದಕ್ಕೆ ಒಲೆಯ ಬೂದಿ ಒತ್ತಿ, ಹಳೆಯ ಬಟ್ಟೆ ಕಟ್ಟಿ, ಮೇಲೆ ಉದ್ದನೆಯ ಪೈಜಾಮ ತೊಡಿಸಿದಳು. ಆರೋಗ್ಯ ಕೇಂದ್ರ ಮನೆಯಿಂದ ನೂರು ಹೆಜ್ಜೆ. ಆದರೆ ಅಲ್ಲಿ ಹದಿಮೂರು ಮಂದಿಯ ಮುಂದೆ ಆಣೆ ಮಾಡಿದ್ದಳು. ಬುಧವಾರ ಉಮಾ ಕರೆಯಲು ಬಂದಾಗ, ನೂರ್ಜಹಾನ್ ಬಾಗಿಲ ಸಂದಿಯಿಂದಲೇ, "ಹುಡುಗಿ ಈಗ ಸುಧಾರಿಸ್ಯಾಳೆ ಸಿಸ್ಟರ್. ಒಂದು ಸದ್ದಿಲ್ಲ" ಎಂದಳು. ಉಮಾ ಖುಷಿಯಿಂದ ತನ್ನ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡಳು.

ಸುಟ್ಟ ಒಂಬತ್ತನೆಯ ದಿನ ಶಹಜಾದಿಗೆ ಬಾಯಿ ತೆರೆಯಲಾಗಲಿಲ್ಲ. ಹಾಲು ಕುಡಿಸಲು ಹೋದರೆ ಹಲ್ಲು ಕಚ್ಚಿಕೊಂಡಳು. ಇದೂ ಹಟವೆಂದು ನೂರ್ಜಹಾನ್ ಸಂಜೆಯವರೆಗೆ ಮುಖ ಕೊಡದೆ ಕೂತಳು. ಆಮೇಲೆ ಬೆನ್ನು ಬಿಲ್ಲಿನಂತೆ ಬಾಗಿತು. ಪಾಳಿಗೆ ಹೊರಟಿದ್ದ ರೌಫ್ ಬುತ್ತಿ ಡಬ್ಬಿ ಕೆಳಗಿಟ್ಟು ಮಗಳನ್ನು ಎತ್ತಿಕೊಂಡು ಓಡಿದ. ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ಪೈಜಾಮ ಸರಿಸಿ ನೋಡಿ, ಚೀಟಿ ಬರೆದರು. ಧನುರ್ವಾಯು. ದಾವಣಗೆರೆಯ ದೊಡ್ಡಾಸ್ಪತ್ರೆಗೆ ಲಾರಿಯೊಂದರಲ್ಲಿ ಕರೆದೊಯ್ದರು. ಅಲ್ಲಿ ಕತ್ತಲೆ ಕೋಣೆಯಲ್ಲಿ ಮಲಗಿಸಿದರು. ಬೆಳಕು ಬಿದ್ದರೆ, ಬಾಗಿಲು ಸದ್ದಾದರೆ ಹುಡುಗಿಯ ಮೈ ಸೆಟೆಯುತ್ತಿತ್ತು. ರೌಫ್ ಹೊರಗೆ ನಿಂತು ಬಂದವರಿಗೆಲ್ಲ ಬೆರಳು ತುಟಿಗಿಟ್ಟು, "ಸದ್ದು ಮಾಡಬ್ಯಾಡ್ರಿ, ಸದ್ದು ಮಾಡಬ್ಯಾಡ್ರಿ" ಎನ್ನುತ್ತಿದ್ದ. ಮೂರನೆಯ ದಿನ ಅವಳು ತೀರಿಕೊಂಡಳು.

ಉಮಾ ಚುಚ್ಚುಮದ್ದಿನ ರಿಜಿಸ್ಟರ್ ತೆಗೆದು ನೋಡಿದಳು. ಧನುರ್ವಾಯು ಬಾರದಂತೆ ಶಹಜಾದಿಗೆ ಮೂರು ಸಲ ಹಾಕಬೇಕಾದದ್ದನ್ನು ಒಂದೇ ಸಲ ಹಾಕಿದ್ದರು. ಆಮೇಲೆ ಜ್ವರ ಬಂತೆಂದು ಮನೆಯವರು ಬಂದಿರಲಿಲ್ಲ, ಕೇಂದ್ರದವರೂ ಹೋಗಿ ಕೇಳಿರಲಿಲ್ಲ. ಪೊಲೀಸರು ವಿಚಾರಿಸಿದಾಗ ರೌಫ್, "ಆಡ್ತಾ ಒಲೆ ಮೇಲೆ ಬಿದ್ಲು ಸಾಬ್" ಎಂದ. ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ. ಅಂದಿನಿಂದ ಅವನು ಅವಳ ಮೇಲೆ ಕೈ ಮಾಡಲಿಲ್ಲ, ಮಾತನ್ನೂ ಆಡಲಿಲ್ಲ.

ಮಣ್ಣು ಮಾಡಿದ ನಾಲ್ಕನೆಯ ದಿನ ಪುಟ್ಟಕ್ಕ ಆ ಮನೆಗೆ ಹೋದಳು. ನೂರ್ಜಹಾನ್ ಗೋಡೆಗೊರಗಿ ಕೂತಿದ್ದಳು. ಪುಟ್ಟಕ್ಕ ಎದುರಿಗೆ ಕೂತಳು.

"ನಿಮ್ಮ ಕೈಯಾಗೆ ಆಗಿದ್ರೆ ಒಂದು ಗೀರು ಆಗ್ತಿತ್ತು," ಎಂದಳು ನೂರ್ಜಹಾನ್ ಮೆಲ್ಲಗೆ. "ನಿಮಗೆ ಎಷ್ಟು ಹೊತ್ತು ಅಂತ ಗೊತ್ತಿತ್ತು. ನಂಗೆ ಗೊತ್ತಿರಲಿಲ್ಲ. ಯಾಕ ಒಲ್ಲೆ ಅಂದ್ರಿ ಅಜ್ಜಿ?"

ಪುಟ್ಟಕ್ಕ ಎದ್ದು ಬಂದಳು. ಅವತ್ತಿನಿಂದ ಓಣಿಯಲ್ಲಿ ಅವಳ ಮುಂದೆ ಯಾರೂ ಆ ಸಾವಿನ ಮಾತು ತೆಗೆಯಲಿಲ್ಲ, ಅವಳಿಗೆ ಮಾತ್ರ ನೂರ್ಜಹಾನಳ ಆ ಪ್ರಶ್ನೆ ಬಿಟ್ಟು ಬೇರೆ ಮಾತೇ ಕೇಳಿಸುತ್ತಿರಲಿಲ್ಲ. ಬುಧವಾರದ ಮೀಟಿಂಗ್ ನಿಂತುಹೋಯಿತು. ಆಸ್ಪತ್ರೆಯವರ ಮಾತು ಕೇಳಿ ಹುಡುಗಿ ಸತ್ತಳೆಂದು ಜನ ಆಡಿಕೊಂಡರು. ಉಮಾ ಬಂದರೆ ಕದ ಮುಂದೆ ಮಾಡುತ್ತಿದ್ದರು.

ಎರಡು ತಿಂಗಳು ಕಳೆದ ಮೇಲೆ ಕಸ್ತೂರಮ್ಮ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಪುಟ್ಟಕ್ಕನ ಮನೆಗೆ ಬಂದಳು. ಮಗಳು ನೆಲಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಅತ್ತೆ ಸೌಟು ಕಾಸಲು ಇಟ್ಟಿದ್ದಳಂತೆ.

"ನೀವೇ ಹಾಕ್ರಿ ಅಜ್ಜಿ. ನೀವು ಹಾಕ್ಲಿಲ್ಲ ಅಂದ್ರೆ ನಮ್ಮತ್ತೆ ಹಾಕ್ತಾರೆ. ನೂರಿ ಮಗಳ ಥರ ಆಗೋದು ಬ್ಯಾಡ."

"ಹಂಗೆ ಅನ್ನಬ್ಯಾಡೇ. ಕೂಡ್ರು ಇಲ್ಲೇ. ನಾನೂ ಕೂಡ್ರುತೀನಿ. ಜೋರಾಗಿ ಆಮೇಲೆ ಇಳೀತೈತೆ," ಎಂದಳು ಪುಟ್ಟಕ್ಕ. ಮುಕ್ಕಾಲು ಗಂಟೆ ಮೂವರೂ ಕೂತರು. ಮಗುವಿನ ಹಟ ಇಳಿಯಲಿಲ್ಲ. ಹೊರಗಿನಿಂದ ಅತ್ತೆ ಕೂಗುತ್ತಿದ್ದಳು. ಕಡೆಗೆ ಅವಳು ದೀಪ ಹಚ್ಚಿದಳು. ಬಳೆಯ ಚೂರು ಕಾಸಿ ಹಿಮ್ಮಡಿಯ ಮೇಲೆ ಗೀರಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಗೆರೆ ಸೊಟ್ಟಗಾಯಿತು.

ಆಮೇಲೆ ಅಳುವ ಮಗುವನ್ನು ತಾನೇ ಎತ್ತಿಕೊಂಡು ಓಣಿಯ ನಡುವೆ ನಡೆದು ಆರೋಗ್ಯ ಕೇಂದ್ರಕ್ಕೆ ಹೋದಳು. ಉಮಾ ಮೇಜಿನ ಮುಂದೆ ಕೂತಿದ್ದಳು.

"ನಾನೇ ಹಾಕಿದ್ದು," ಎಂದಳು ಪುಟ್ಟಕ್ಕ. "ಬೈಯೋದಿದ್ರೆ ಆಮ್ಯಾಲೆ ಬೈ. ಮೊದಲು ಸೂಜಿ ಹಾಕು."

ಉಮಾಳ ಮುಖ ಕೆಂಪಾಯಿತು. ಗಾಯ ತೊಳೆದು ಮುಲಾಮು ಹಚ್ಚಿದಳು, ಚುಚ್ಚುಮದ್ದು ಹಾಕಿದಳು. ಕೈ ತೊಳೆದುಕೊಂಡು ಬಂದು ಪುಟ್ಟಕ್ಕನ ಪಕ್ಕ ಬೆಂಚಿನ ಮೇಲೆ ಕೂತಳು. ಮಗು ಪುಟ್ಟಕ್ಕನ ತೊಡೆಯ ಮೇಲೆ ನಿದ್ದೆ ಹೋಯಿತು.

"ಆ ಆಣೆ ಹಾಕಿಸಬಾರದಾಗಿತ್ತು ಅಜ್ಜಿ," ಎಂದಳು ಉಮಾ. "ಅದಿಲ್ದಿದ್ರೆ ನೂರ್ಜಹಾನ್ ಅವತ್ತೇ ಬಂದು ತೋರಿಸ್ತಿದ್ಲು."

"ನಾನು ಆ ಬಸ್ ಬಿಡಬೇಕಾಗಿತ್ತು," ಎಂದಳು ಪುಟ್ಟಕ್ಕ.

ಮುಂದಿನ ಬುಧವಾರದಿಂದ ಮೀಟಿಂಗ್ ಮತ್ತೆ ಶುರುವಾಯಿತು. ಬಂದವರು ಐದೇ ಮಂದಿ. ಉಮಾ ಪಾಠಕ್ಕಿಂತ ಮುಂಚೆ ಒಂದೇ ಮಾತು ಹೇಳಿದಳು: ಯಾರಾದರೂ ಹೊಡೆದಿದ್ದರೆ, ಸುಟ್ಟಿದ್ದರೆ, ಮಗುವನ್ನು ಕರೆತನ್ನಿ, ಯಾರು ಮಾಡಿದರೆಂದು ಇಲ್ಲಿ ಕೇಳುವುದಿಲ್ಲ. ಆ ತಿಂಗಳು ನಾಲ್ಕು ಮಕ್ಕಳು ಬಂದವು. ಒಂದರ ಗಾಯ ಕೀವಾಗಿ ನಾತ ಹೊಡೆಯುತ್ತಿತ್ತು. ಅದು ಉಳಿಯಿತು.

ನೂರ್ಜಹಾನ್ ಬರಲಿಲ್ಲ. ಪ್ರತಿ ಗುರುವಾರ ಉಮಾ ಅವಳ ಮನೆಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದಳು. ಗಂಡು ಕೂಸು ಬೆಳೆದು ನಡೆಯತೊಡಗಿತ್ತು. ನೂರ್ಜಹಾನ್ ಅದಕ್ಕೆ ಉಣ್ಣಿಸುತ್ತಿದ್ದಳು, ಮೀಯಿಸುತ್ತಿದ್ದಳು. ಅದು ಅತ್ತರೆ ಮಾತ್ರ ಮೂಲೆಗೆ ಸರಿದು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತಿದ್ದಳು. ಒಂದು ಗುರುವಾರ ಉಮಾ ಹೋದಾಗ ಕೂಸು ಹೊಸ್ತಿಲ ಮೇಲೆ ಬಿದ್ದು ಒರಲುತ್ತಿತ್ತು. ನೂರ್ಜಹಾನ್ ಮೂಲೆಯಲ್ಲಿದ್ದಳು.

"ಇದು ಹಟನೋ, ಬ್ಯಾನೆನೋ, ನಂಗೆ ತಿಳಿಯಲ್ಲ ಸಿಸ್ಟರ್," ಎಂದಳು. "ಏನು ಮಾಡ್ಲಿ?"

"ಎತ್ಕೊಳ್ಳಮ್ಮ," ಎಂದಳು ಉಮಾ.

ನೂರ್ಜಹಾನ್ ಆಗದೆಂದು ತಲೆಯಾಡಿಸಿದಳು. ಕೂಸನ್ನು ಉಮಾಳೇ ಎತ್ತಿಕೊಂಡಳು.