ತೊಳೆದ ಲೆಟ್ಯೂಸ್

ಬೇಸಿಗೆ ಕಾಲಿಡುವ ಹೊತ್ತಿಗೆ ಹಿತ್ತಿಲಿನ ಲೆಟ್ಯೂಸ್ ಸೊಪ್ಪು ಕೈತುಂಬ ಬೆಳೆದಿತ್ತು. ಬಿಸಿಲು ಇನ್ನೊಂದಿಷ್ಟು ಏರಿದರೆ ಎಲೆ ಕಹಿಯಾಗಿಬಿಡುತ್ತದೆಂದು ದರ್ಜಿ ಹೆಂಗಸು ಹಳೆಯ ಪರದೆಯೊಂದನ್ನು ನೆರಳಿಗೆ ಕಟ್ಟಿದ್ದಳು. ಪಕ್ಕದಲ್ಲಿ ಮೂಲಂಗಿ, ಅದರಾಚೆ ಬಟ್ಟೆಚೂರುಗಳಿಂದ ಕೋಲಿಗೆ ಕಟ್ಟಿಸಿಕೊಂಡ ಬೀನ್ಸ್ ಬಳ್ಳಿ. ಹೊಲಿಗೆಯಂತ್ರದ ಮುಂದೆ ಕೂತರೂ ಅವಳ ಒಂದು ಕಣ್ಣು ಕಿಟಕಿಯಾಚೆಗೇ.

ಮಹಡಿಯ ಮೇಲಿದ್ದ ನಾದಿನಿ ಬಸುರಿ. ಏನು ಕೊಟ್ಟರೂ ಒಲ್ಲೆ ಎನ್ನುತ್ತಿದ್ದವಳು ಈ ಹಸಿ ಎಲೆಗೆ ಮಾತ್ರ ಮನಸೋತಿದ್ದಳು. "ಅತ್ತಿಗೆ, ನಿನ್ನ ಹಿತ್ತಿಲಿಗೆ ಮೇಕೆ ಗಂಟುಬಿತ್ತು ಅಂತ ತಿಳ್ಕೋ" ಎಂದು ನಗುತ್ತಿದ್ದಳು. ಆ ದಿನವೂ ಬೋಗುಣಿ ತುಂಬ ಎಲೆಗೆ ನಿಂಬೆರಸ ಹಿಂಡಿಕೊಂಡು, ತಳ ಬಳಿದು ತಿಂದು ಮೇಲೆ ಹೋದಳು.

ಬಸ್ ಓಡಿಸುವ ಗಂಡ ಊಟಕ್ಕೆ ಬಂದವನು ಕೈ ತೊಳೆಯುತ್ತಲೇ ಕೇಳಿದ: "ಹುಳ ಸತ್ತವಾ?"

"ಯಾವ ಹುಳ?"

"ನಿನ್ನ ಲೆಟ್ಯೂಸಿಗೆ ಹತ್ತಿತ್ತಲ್ಲ! ಬೆಳಿಗ್ಗೆ ನೀನು ಏಳೋ ಮುಂಚೆ ಔಷಧಿ ಹೊಡೆದೆ. ಪಕ್ಕದ್ಮನೆ ಬಡಗಿ ಕೊಟ್ಟಿದ್ದ."

ಸೌಟು ಅವಳ ಕೈಯಲ್ಲೇ ಉಳಿಯಿತು. "ನಿನ್ನ ತಂಗಿ ಅದನ್ನೇ ತಿಂದಿದ್ದಾಳೆ," ಎಂದಳು.

ಗಂಡ ಒದ್ದೆ ಕೈಯಲ್ಲೇ ತಿರುಗಿದ. "ತೊಳೆದಿದ್ದೆ ತಾನೆ?"

ತೊಳೆದಿದ್ದಳು. ಒಮ್ಮೆಯೋ, ಎರಡು ಸಲವೋ? ಮಣ್ಣು ಹೋಗಲೆಂದು ನೀರಿನಲ್ಲಿ ಅದ್ದಿದ್ದು ನೆನಪಿದೆ. ಆಮೇಲೆ ಯಾರೋ ಅಂಗಿಯ ಅಳತೆ ಕೊಡಲು ಬಂದರು. ಎರಡನೇ ನೀರು ಹಾಕಿದೆನೋ ಇಲ್ಲವೋ! ಎಷ್ಟು ತಲೆ ಕೆರೆದುಕೊಂಡರೂ ಅದೊಂದು ಹೊಳೆಯಲಿಲ್ಲ.

ಗಂಡ ಓಡಿಹೋಗಿ ಬಡಗಿಯಿಂದ ಬಾಟಲಿ ತಂದ. ತೋಟದ ಹುಳಕ್ಕೆಂದೇ ಮಾಡಿದ ಔಷಧಿ. ಹೊಡೆದ ಮೇಲೆ ವಾರ ಕಳೆಯದೆ ಕೀಳಬಾರದೆಂದು ಅದರ ಮೇಲೇ ಅಚ್ಚಾಗಿತ್ತು.

"ಈಗಲೇ ಹೇಳ್ಬೇಡ," ಎಂದ ಗಂಡ. "ಸುಮ್ನೆ ಹೆದರ್ತಾಳೆ. ಏನಾದ್ರೂ ಆದ್ರೆ ನೋಡೋಣ."

"ಆದ್ಮೇಲೆ ಏನು ನೋಡ್ತೀಯ?"

ಅವಳು ಮೆಟ್ಟಿಲೇರಿದಳು. ನಾದಿನಿ ಮಗ್ಗುಲಾಗಿ ಮಲಗಿ ಪತ್ರಿಕೆ ತಿರುವುತ್ತಿದ್ದಳು. ಅತ್ತಿಗೆ ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ನಾದಿನಿಯ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಆಮೇಲೆ, "ತಿಂದು ಬಂದಾಗಿನಿಂದ ಮಗು ಅಲ್ಲಾಡಿಲ್ಲ, ಅತ್ತಿಗೆ. ನಿದ್ದೆಯಲ್ಲಿದೆ ಅಂದ್ಕೊಂಡೆ," ಎಂದಳು.

ಮೂವರೂ ಆಸ್ಪತ್ರೆಗೆ ಹೊರಟರು. ದಿನವಿಡೀ ಬಸ್ ಓಡಿಸುವವನು ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮುದುರಿ ಕೂತಿದ್ದ. ವೈದ್ಯೆ ಬಾಟಲಿಯನ್ನು ತಿರುಗಿಸಿ ಓದಿದಳು, ನಾಡಿ ನೋಡಿದಳು, ಹೊಟ್ಟೆಯ ಮೇಲೆ ಯಂತ್ರವಿಟ್ಟಳು. ಗರಗರ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಯಂತ್ರ ಇತ್ತ ಸರಿಯಿತು, ಅತ್ತ ಸರಿಯಿತು. ಆಗ ಕುದುರೆ ಓಡಿದಂತೆ ಟಕಟಕ ಕೇಳಿಸಿತು.

"ಮಗು ಗಟ್ಟಿ ಇದೆ," ಎಂದಳು ವೈದ್ಯೆ. "ಹೊಟ್ಟೆಗೆ ಹೋಗಿರೋ ಔಷಧಿ ಅಲ್ಪ, ತೊಳೆದೂ ಇದೀರಿ. ಆದರೂ ಸಂಜೆವರೆಗೂ ಇಲ್ಲೇ ಇರಲಿ."

ಸಂಜೆಯಾದರೂ ಏನೂ ಆಗಲಿಲ್ಲ. ಮನೆಗೆ ಬಂದವನೇ ಗಂಡ ಲೆಟ್ಯೂಸಿನ ಸಾಲನ್ನು ಬುಡಸಮೇತ ಕಿತ್ತು ಚೀಲಕ್ಕೆ ತುಂಬಿದ. ಅವಳು ಚೀಲದ ಬಾಯಿ ಹಿಡಿದಳು.

ಮರುದಿನ ನಾದಿನಿ ಹಿತ್ತಿಲಿಗೆ ಇಳಿದು ಬಂದು, ಬಳ್ಳಿಯಿಂದ ಎಳೆಯ ಬೀನ್ಸ್ ಒಂದನ್ನು ಕಿತ್ತಳು. "ಇದಕ್ಕೂ ಹೊಡೆದಿದ್ದನಾ?"

"ಇಲ್ಲ."

"ನಿನಗೆ ಹೇಗೆ ಗೊತ್ತು?"

ಅತ್ತಿಗೆ ಹಿಂದೆ ತಿರುಗಿ ನೋಡಿದಳು. ಬಾಗಿಲಲ್ಲಿದ್ದ ಗಂಡ, "ಇಲ್ಲಮ್ಮ, ನನ್ನಾಣೆ ಇಲ್ಲ," ಎಂದ. ನಾದಿನಿ ಅಣ್ಣನ ಮುಖವನ್ನೇ ನೋಡಿದಳು. ಆಮೇಲೆ ಕಾಯನ್ನು ಬಾಯಿಗೆ ಹಾಕದೆ, ಮುಷ್ಟಿಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು.