ಏಜೆಂಟ್ ರೇಣುಕಪ್ಪನವರು ಕೂತು ನೋಡಿದ ಸಿನಿಮಾ

ಏಜೆಂಟ್ ರೇಣುಕಪ್ಪನವರು ಯಾರ ಮಾತನ್ನೂ ಮುಗಿಯಗೊಟ್ಟವರಲ್ಲ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತೆಂಟು ವರ್ಷ ಖಾಸಗಿ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸಿದವರು, "ಶೃಂಗೇರಿಗೆ..." ಎಂದು ಬಾಯಿ ತೆರೆದವರನ್ನು, "ಹತ್ತಿ, ಹತ್ತಿ" ಎಂದು ಬೆನ್ನಿಗೆ ಕೈಕೊಟ್ಟು ಒಳಗೆ ತಳ್ಳಿಯೇಬಿಡುತ್ತಿದ್ದರು, ಅವರು ಅಲ್ಲಿಂದಲೇ ಬಂದಿಳಿದವರಾದರೂ ಸರಿ. ಖಾಕಿ ಕೋಟಿನ ಅಂಚು ಹಿಂದೆ ಹಾರುವಂತೆ ನಡೆಯುವ, ಸಾರು ಬರುವ ಮೊದಲೇ ಮಜ್ಜಿಗೆ ಕೇಳುವ ಆಸಾಮಿ.

ಇಂಥವರು ೨೦೦೬ರ ಒಂದು ಭಾನುವಾರ ಮಧ್ಯಾಹ್ನ ನಮ್ಮ ಫಿಲ್ಮ್ ಸೊಸೈಟಿಯ ಪ್ರದರ್ಶನಕ್ಕೆ ಬಂದಾಗ ನನಗೆ ನಗು ಬಂತು. ಅಂದಿನ ಚಿತ್ರದಲ್ಲಿ ಕಥೆಯೆಂಬುದು ತಲೆಬುಡ ಕೂಡದ ಚೂರುಗಳು. ಮುದುಕಿಯೊಬ್ಬಳು ನದಿಯ ಕಡವಿನಲ್ಲಿ ದೋಣಿ ಕಾಯುತ್ತಾಳೆ. ನಡುವೆ ಅವಳ ಮದುವೆ, ಆಮೇಲೆ ಬಾಲ್ಯ, ಮತ್ತೆ ಅದೇ ಕಡವು, ಅದೇ ಕಾಯುವಿಕೆ. ಅರ್ಧ ಗಂಟೆಯಲ್ಲಿ ಅರ್ಧ ಸಭೆ ಕಾಲ್ತೆಗೆಯಿತು. ರೇಣುಕಪ್ಪನವರು ಮಾತ್ರ ಎರಡೂ ಅಂಗೈಗಳನ್ನು ತೊಡೆಯಡಿ ಒತ್ತಿಕೊಂಡು, ಹಲ್ಲುಕಚ್ಚಿ, ಬೆವರುತ್ತ ಕೂತಿದ್ದರು. ಪ್ರೊಜೆಕ್ಟರ್ ನೋಡಿಕೊಳ್ಳುತ್ತಿದ್ದ ಧರ್ಮೇಶ್ ಉಳಿದವರ ಮೇಲೆ ಕನಿಕರಪಟ್ಟು ಚಿತ್ರವನ್ನು ಮುಂದಕ್ಕೆ ಓಡಿಸಲು ರಿಮೋಟ್ ಎತ್ತಿದ.

"ಓಡಿಸ್ಬೇಡ ಮಾರಾಯ!" ಎಂದು ರೇಣುಕಪ್ಪನವರು ಗದರಿದರು. "ಅವಳು ಕಾಯ್ತಾ ಇಲ್ವಾ? ನಿಂಗೆಂತ ಅರ್ಜೆಂಟು?"

ಮುಗಿದಾಗ ಉಳಿದವರು ನಾವು ಮೂವರೇ. ಅರ್ಥವಾಯಿತೇ ಎಂದು ಕೇಳಿದೆ.

"ಎಂತದೂ ಆಗ್ಲಿಲ್ಲ ಮೇಷ್ಟ್ರೇ. ಕೂತೆ, ಅಷ್ಟೆ."

ದಾರಿಯಲ್ಲಿ ಉಳಿದದ್ದನ್ನು ಹೇಳಿದರು. ಹೆಂಡತಿ ಸುಬ್ಬಮ್ಮನವರಿಗೆ ಲಕ್ವ ಹೊಡೆದು ವರ್ಷವಾಗಿತ್ತು. ಮಾತು ಚೂರುಚೂರಾಗಿ, ನಿನ್ನೆಯದು ಇಂದಿನದರೊಳಗೆ ಸೇರಿಕೊಂಡು ಬರುತ್ತಿತ್ತು. ಒಂದೊಂದನ್ನೂ ಇವರೇ ಆತುರಾತುರವಾಗಿ ಪೂರೈಸುತ್ತಿದ್ದರು, ಬಹುಪಾಲು ತಪ್ಪಾಗಿ. ಬೇಸತ್ತ ಆಕೆ ಎರಡು ತಿಂಗಳಿಂದ ತುಟಿಯನ್ನೇ ಬಿಚ್ಚಿರಲಿಲ್ಲ.

"ಕಾಯೋದು ಕಲೀಬೇಕು ಮೇಷ್ಟ್ರೇ, ಇಲ್ದಿದ್ರೆ ಅವಳ ಮಾತು ನಂಗಿನ್ನಿಲ್ಲ. ಮುಂದಿನ ವಾರ ಇದಕ್ಕಿಂತ ನಿಧಾನದ್ದು ಇದ್ರೆ ಹಾಕಿ."

ಹಾಕಿದೆವು. ಏಳು ಭಾನುವಾರ ತಪ್ಪದೆ ಬಂದರು. ಎಂಟನೆಯದಕ್ಕೆ ಕಾಣದಿದ್ದಾಗ ನಾನೇ ಮನೆಗೆ ಹೋದೆ. ಜಗಲಿಯಲ್ಲಿ ಸುಬ್ಬಮ್ಮನವರ ಮುಂದೆ ಗಂಜಿಯ ಬಟ್ಟಲಿತ್ತು, ತುಟಿ ತಡಕಾಡುತ್ತಿತ್ತು. "ಬಸ್ಸು..." ಎಂದರು. "ಯಾವ ಬಸ್ಸು?" ಎಂದು ನಾನು ಬಾಯಿ ಹಾಕುವಷ್ಟರಲ್ಲಿ ರೇಣುಕಪ್ಪನವರು ನನ್ನನ್ನು ದುರುಗುಟ್ಟಿ ನೋಡಿದರು. ಅಂಗಳದ ಬಿಸಿಲು ಮೆಟ್ಟಿಲು ಹತ್ತುವಷ್ಟು ಹೊತ್ತು ಮೂವರೂ ಸುಮ್ಮನೆ ಕೂತೆವು.

"ಬಸ್ಸಲ್ಲ... ಉಪ್ಪು. ಉಪ್ಪು ಕಮ್ಮಿ, ರೀ."

ರೇಣುಕಪ್ಪನವರ ಕಣ್ಣು ತುಂಬಿತು. ಉಪ್ಪು ತರಲು ಒಳಗೆ ಓಡಿದರು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಹೋಗಬೇಕಾಗಿಯೂ ಇಲ್ಲ. ಹುಟ್ಟಿನಿಂದಲೇ ಸಹನೆ ಪಡೆದು ಬಂದವರು ಸುಖಿಗಳು, ಅವರ ಬಗ್ಗೆ ನನಗೆ ವಿಶೇಷ ಗೌರವವೇನಿಲ್ಲ. ಅವಸರವನ್ನೇ ಉಸಿರಾಡಿ ಬದುಕಿದವರು ಒಂದೇ ಒಂದು ಜೀವಕ್ಕಾಗಿ ಅದನ್ನು ತಡೆಹಿಡಿದು ಕೂರುತ್ತಾರಲ್ಲ, ಅಂಥವರ ಎದುರು ಮಾತ್ರ ನನ್ನ ಬಾಯಿ ತಾನಾಗಿ ಮುಚ್ಚುತ್ತದೆ.