ಶೆಡ್ಡಿನೊಳಗೆ ಐನೂರು ಕಿಲೋಮೀಟರು

ಮೇಷ್ಟ್ರ ಶೆಡ್ಡಿನಲ್ಲಿದ್ದ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಒಂದು ಕಾಲಕ್ಕೆ ಎಂಥ ವೇಗದಲ್ಲಿ ಓಡುತ್ತಿತ್ತೆಂದರೆ, ಅದರ ನೆರಳು ಅರ್ಧ ಗಂಟೆ ತಡವಾಗಿ ಊರು ಸೇರುತ್ತಿತ್ತು. ನಂಬದವರು ನೆರಳನ್ನೇ ಕೇಳಬಹುದು. ಆಮೇಲೆ ಇಪ್ಪತ್ತೆರಡು ವರ್ಷ ಅದರ ಮೇಲೆ ಕೂತ ಧೂಳಿನಲ್ಲಿ ಎರಡು ಬೆಳೆ ತೆಗೆಯಬಹುದಿತ್ತು.

ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮೇಷ್ಟ್ರು ಅದನ್ನು ರಿಪೇರಿಗೆ ಎಳೆದದ್ದು ಹೆಂಡತಿಗೆ ಕೊಟ್ಟ ಮಾತಿಗಾಗಿ. ಐನೂರು ಕಿಲೋಮೀಟರು ದೂರದಲ್ಲಿ ಆಕೆಯ ಅಕ್ಕ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು.

"ಬಸ್ಸಲ್ಲಿ ಯಾಕೆ ಒದ್ದಾಡ್ತೀಯ? ಒಂದು ತಿಂಗ್ಳು ತಡಿ, ಈ ಕಾರಲ್ಲೇ ರಾಣಿ ಥರ ಕರ್ಕೊಂಡು ಹೋಗ್ತೀನಿ," ಎಂದಿದ್ದರು ಮೇಷ್ಟ್ರು.

ಮೂವರು ನಿಪುಣರು ಬಂದರು. ಇಂಜಿನ್ ಮೇಸ್ತ್ರಿ ಬಾನೆಟ್ಟಿಗೆ ಕಿವಿಯಿಟ್ಟರೆ ಸಾಕು, ಯಾವ ನಟ್ಟು ಯಾವ ಬೋಲ್ಟಿನ ಮೇಲೆ ಮುನಿಸಿಕೊಂಡಿದೆಯೆಂದು ಹೇಳಬಲ್ಲ. ಪೇಂಟರ್ ಬಳಿದ ಹನ್ನೊಂದನೇ ಕೋಟಿನಲ್ಲಿ ನೊಣವೊಂದು ಮುಖ ನೋಡಿಕೊಂಡು ಮೀಸೆ ತಿದ್ದಿಕೊಂಡಿತು. ಸೀಟಿನ ಕೆಲಸದವನು ಚರ್ಮ ಹೊಲಿದ ಚೆಂದಕ್ಕೆ ಅದರ ಮೇಲೆ ಕೂರಲು ಮನಸ್ಸೇ ಬಾರದು. ಒಂದು ತಿಂಗಳು ಏಳಾಯಿತು. ಆದರೆ ಮೂವರೂ ಒಟ್ಟಿಗೆ ಒಂದು ದಿನವೂ ಬರಲಿಲ್ಲ. ಎಡವಟ್ಟಾದದ್ದು ಅಲ್ಲೇ.

"ಹೊಸದಾಗಿ ಬಿಚ್ಚಿ ಕಟ್ಟಿದ ಇಂಜಿನ್ನು. ದಿನಾ ಓಡಿಸ್ಬೇಕು. ಐನೂರು ಕಿಲೋಮೀಟರ್ ಆಗೋವರೆಗೂ ನಲವತ್ತರ ಸ್ಪೀಡು ದಾಟ್ಬಾರ್ದು," ಎಂದ ಮೇಸ್ತ್ರಿ.

"ಮೂರು ತಿಂಗ್ಳು ಆಚೆ ತೆಗೀಬೇಡಿ ಮೇಷ್ಟ್ರೇ. ಬಿಸಿಲು, ಧೂಳು ತಾಗಿದ್ರೆ ನನ್ನ ಹೆಸರು ಹೇಳ್ಬೇಡಿ," ಎಂದ ಪೇಂಟರ್.

"ಚರ್ಮ ಹದವಾಗ್ಲಿ. ಅಲ್ಲೀವರೆಗೂ ಯಾರೂ ಕೂರೋ ಹಾಗಿಲ್ಲ," ಎಂದ ಮೂರನೆಯವನು.

ಮೇಷ್ಟ್ರು ಯಾರ ಮಾತನ್ನೂ ಮೀರುವವರಲ್ಲ. ಕಾರಿನ ಹಿಂಭಾಗಕ್ಕೆ ಜಾಕ್ ಕೊಟ್ಟು ಎತ್ತಿದರು. ಹಿಂದಿನ ಚಕ್ರಗಳೆರಡೂ ನೆಲ ಬಿಟ್ಟವು. ಸೀಟುಗಳನ್ನು ಬಿಚ್ಚಿ ತಂದು ಮಂಚದ ಮೇಲೆ ಮಲಗಿಸಿ ದುಪ್ಪಟಿ ಹೊದಿಸಿದರು; ಹೆಂಡತಿಯ ಹಾಸಿಗೆ ನೆಲಕ್ಕಿಳಿಯಿತು. ಹೊಗೆಗೆ ಕೊಳವೆ ಕಟ್ಟಿ ಕಿಟಕಿಯಾಚೆ ಬಿಟ್ಟು, ಹಾಲಿನ ಕ್ರೇಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು, ದಿನಾ ಬೆಳಿಗ್ಗೆ ಅರ್ಧ ಗಂಟೆ ಗೋಡೆ ನೋಡುತ್ತ ಕಾರು ಓಡಿಸಿದರು. ತಿರುವು ಬಂತೆಂದು ಹಾರ್ನ್ ಬೇರೆ. ಆ ಹಾರ್ನಿಗೆ ಮೂರು ಬೀದಿಯಾಚೆ ಕಿವುಡರೊಬ್ಬರು ದಾರಿ ಬಿಟ್ಟು ನಿಂತರು.

ಹೆಂಡತಿ ಕಾಫಿ ತಂದುಕೊಡುತ್ತಿದ್ದರು.

"ಎಲ್ಲಿಗೆ ಬಂದ್ವಿ?"

"ನೂರಾ ಎಂಬತ್ತು."

"ಅಕ್ಕ ಫೋನ್ ಮಾಡಿದ್ಲು. ಕೋಲು ಬಿಟ್ಟು ಓಡಾಡ್ತಿದ್ದಾಳಂತೆ."

"ನೋಡಿದ್ಯಾ, ನಾವು ಹೋಗೋ ಹೊತ್ಗೆ ಅವ್ರೇ ಬಾಗ್ಲು ತೆಗೀತಾರೆ."

ಮೀಟರಿನಲ್ಲಿ ಐನೂರು ಬಿದ್ದ ಬೆಳಿಗ್ಗೆ ಹೆಂಡತಿಯ ಕೈಯಲ್ಲಿ ಕಾಫಿ ಇರಲಿಲ್ಲ, ಬ್ಯಾಗಿತ್ತು.

"ಅಕ್ಕನ ಊರು ಬಂತಲ್ಲಾ ರೀ. ನಾನಿಲ್ಲೇ ಇಳ್ಕೋತೀನಿ."

"ಇನ್ನೆರಡೇ ತಿಂಗ್ಳು ಕಣೇ, ಪೇಂಟು..."

"ಪೇಂಟಿಗೂ ಒಂದು ದುಪ್ಪಟಿ ಹೊದ್ಸಿ. ಎಂಟೂವರೆ ಬಸ್ಸಿಗೆ ಟಿಕೆಟ್ ತಗೊಂಡಾಯ್ತು."

ಗೇಟು ಕಿರುಗುಟ್ಟಿತು. ಮೇಷ್ಟ್ರು ಎದುರಿನ ಗೋಡೆ ನೋಡಿದರು. ಐನೂರು ಕಿಲೋಮೀಟರೂ ಅದೇ ಗೋಡೆ, ಅದೇ ಹೋದ ವರ್ಷದ ಕ್ಯಾಲೆಂಡರು. ಪಕ್ಕದಲ್ಲಿ ಇನ್ನೊಂದು ಕ್ರೇಟು ಹಾಕಬಹುದಿತ್ತೆಂದು ಅಷ್ಟು ದಿನ ಅವರಿಗೆ ಹೊಳೆದೇ ಇರಲಿಲ್ಲ.

ಹಾಕಿದರು. ಜಾಕ್ ಇಳಿಸಿದರು. ಕಾರು ಹನ್ನೊಂದು ಕೋಟನ್ನೂ ಗೇಟಿನ ಕಂಬಕ್ಕೆ ಧಾರಾಳವಾಗಿ ದಾನ ಮಾಡಿ ಬೀದಿಗಿಳಿಯಿತು. ಬಸ್ಸು ರೈಲ್ವೆ ಗೇಟಿನಲ್ಲಿ ನಿಂತಿತ್ತು. ಮೇಷ್ಟ್ರು ಪಕ್ಕಕ್ಕೆ ಹೋಗಿ ಹಾರ್ನ್ ಹೊಡೆದರು. ಕಿಟಕಿಯ ಗಾಜು ಸರಿಯಿತು.

"ಇಳಿದು ಬಾರೇ, ಕರ್ಕೊಂಡು ಹೋಗ್ತೀನಿ."

"ಸೀಟೆಲ್ಲಿ?"

"ಮಂಚದ ಮೇಲೆ."

ಹೆಂಡತಿ ಕ್ರೇಟನ್ನು ನೋಡಿದರು, ತಮ್ಮ ಸೀಟನ್ನು ಒಮ್ಮೆ ಒತ್ತಿ ನೋಡಿದರು. "ಇಲ್ಲಿ ಮೆತ್ತಗಿದೆ. ನೀವು ಹಿಂದೇನೇ ಬನ್ನಿ."

ನೆರಳನ್ನೇ ಹಿಂದೆ ಹಾಕುತ್ತಿದ್ದ ಕಾರು ಅಂದು ದಾರಿಯುದ್ದಕ್ಕೂ ಬಸ್ಸಿನ ಧೂಳು ಕುಡಿಯಿತು. ಬಸ್ಸು ನಿಂತಲ್ಲೆಲ್ಲ ಹೆಂಡತಿ ಇಳಿದು ಬಂದು, ಕ್ರೇಟಿನ ಮೇಲಿದ್ದವರ ಕೈಗೆ ಕಾಫಿ ಕೊಟ್ಟು, "ಎಲ್ಲಿಗೆ ಬಂದ್ವಿ?" ಎಂದು ಕೇಳಿ, ಮತ್ತೆ ಬಸ್ಸು ಹತ್ತುತ್ತಿದ್ದರು.